ಕಂಬಂ ಕಣಿವೆಯಲ್ಲಿ ಮೈಸೂರಿನ ಜಾವಾ: ಮನೆಯಂಗಳದ ದುರಸ್ತಿಯ ಒಂದು ಚರಿತ್ರೆ

ಗೂಡಲೂರು ಕಂಬಂ ಕಣಿವೆಯ ದಕ್ಷಿಣದ ತುದಿ. ದಿಂಡಿಗಲ್ಲಿನಿಂದ ಹೊರಟು ತೇನಿ, ಉತ್ತಮಪಾಳಯಂ, ಕಂಬಂ ಊರುಗಳನ್ನು ಹಾದು ಬರುವ ಹೆದ್ದಾರಿ ನಮ್ಮೂರನ್ನು ದಾಟಿ ಲೋವರ್ ಕ್ಯಾಂಪ್ ತಲುಪುತ್ತದೆ. ಅಲ್ಲಿಂದ ಘಟ್ಟವೇರಿ ಕುಮಳಿಯಲ್ಲಿ ಕೇರಳವನ್ನು ಸೇರುತ್ತದೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಪೂರ್ಣಗೊಂಡು, ಪಶ್ಚಿಮಕ್ಕೆ ಹರಿದುಹೋಗುತ್ತಿದ್ದ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿದ ಮೇಲೆ ಈ ನೆಲದಲ್ಲಿ ಭತ್ತ ಬೆಳೆಯಿತು, ಆಮೇಲೆ ದ್ರಾಕ್ಷಿಯ ಚಪ್ಪರಗಳು ಎದ್ದವು. ತಲೆಮಾರುಗಳಿಂದ ಇಲ್ಲಿ ನೆಲೆಸಿದ್ದರೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕುಟುಂಬಗಳು ಈ ಕಣಿವೆಯಲ್ಲಿ ಅನೇಕ. ಶಾಲೆಯಲ್ಲಿ ನಾವು ಓದಿದ್ದು ತಮಿಳು. ಕನ್ನಡದ ಅಕ್ಷರಗಳನ್ನು ಕಲಿತದ್ದು ತಡವಾಗಿ, ಕೆಲವರು ಕಲಿಯಲೇ ಇಲ್ಲ.

ಸಾಹಿತ್ಯ ಮೇಳದ ಸ್ಮರಣ ಸಂಚಿಕೆಯಲ್ಲಿ ಹಳೆಯ ಮೋಟಾರ್ ಸೈಕಲ್ಲಿನ ವಿಚಾರಕ್ಕೆ ಏನು ಕೆಲಸವೆಂದು ಓದುಗರು ಕೇಳಬಹುದು. ನಮ್ಮ ಉತ್ತರ ಸರಳವಾದುದು. ಕನ್ನಡ ನಾಡಿನಿಂದ ದೂರವಿದ್ದ ನಮ್ಮಂಥವರ ಮನೆಗಳಿಗೆ ಆ ನಾಡು ಪುಸ್ತಕದ ರೂಪದಲ್ಲಿ ಬಂದದ್ದು ಕಡಿಮೆ. ಅದು ಬಂದದ್ದು ಮದುವೆಯ ಸಂಬಂಧಗಳ ಮೂಲಕ, ದನದ ಜಾತ್ರೆಗಳ ಮೂಲಕ. ಮತ್ತು 1960ರ ದಶಕದ ನಂತರ, ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆ ಬಿಡುತ್ತ ಬಂದ ಒಂದು ಯಂತ್ರದ ಮೂಲಕ. ಆ ಯಂತ್ರ ಮೈಸೂರಿನಲ್ಲಿ ತಯಾರಾದ ಜಾವಾ. ಅದನ್ನು ತಯಾರಿಸಿದ ಕಾರ್ಖಾನೆ ಇಂದು ಇಲ್ಲ. ಯಂತ್ರಗಳು ಮಾತ್ರ ಇನ್ನೂ ಇವೆ. ಕಾರ್ಖಾನೆ ಅಳಿದ ಮೇಲೂ ಅವು ಉಳಿದದ್ದು ಹೇಗೆ, ಉಳಿಸುವಾಗ ನಾವು ಮಾಡಿದ ತಪ್ಪುಗಳೇನು ಎಂಬುದನ್ನು ಬರೆದಿಡುವುದೇ ಈ ಲೇಖನದ ಉದ್ದೇಶ.

ಸ್ವಾತಂತ್ರ್ಯಾನಂತರದ ಭಾರತದಲ್ಲಿ ವಿದೇಶಿ ವಾಹನಗಳ ಆಮದಿಗೆ ಕಟ್ಟುನಿಟ್ಟಿನ ನಿರ್ಬಂಧವಿತ್ತು. ಆದ್ದರಿಂದ ಹೊರಗಿನ ಕಂಪನಿಗಳ ವಿನ್ಯಾಸವನ್ನು ಪರವಾನಗಿ ಪಡೆದು ಇಲ್ಲಿಯೇ ತಯಾರಿಸುವ ಪದ್ಧತಿ ಬೆಳೆಯಿತು. ಮೂರು ದೇಶಗಳ ಮೂರು ವಿನ್ಯಾಸಗಳು ಹೀಗೆ ನಮ್ಮ ರಸ್ತೆಗೆ ಇಳಿದವು. ಮೊದಲನೆಯದು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಬುಲೆಟ್. 1950ರ ದಶಕದ ಆರಂಭದಲ್ಲಿ ಸೇನೆಯ ಅಗತ್ಯಕ್ಕಾಗಿ ನೂರಾರು ಬುಲೆಟ್‌ಗಳನ್ನು ತರಿಸಲಾಯಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ ತಿರುವೊಟ್ಟಿಯೂರಿನಲ್ಲಿ ಅದರ ತಯಾರಿಕೆ ನೆಲೆಗೊಂಡಿತು. ಎರಡನೆಯದು ಪೋಲೆಂಡಿನ ವಿನ್ಯಾಸವನ್ನು ಆಧರಿಸಿ ಎಸ್ಕಾರ್ಟ್ಸ್ ಕಂಪನಿ ಉತ್ತರ ಭಾರತದಲ್ಲಿ ತಯಾರಿಸಿದ 175 ಸಿ.ಸಿ. ರಾಜದೂತ್. ಮೂರನೆಯದು ಚೆಕೊಸ್ಲೊವಾಕಿಯಾದ ಜಾವಾ.

ಜಾವಾ ಎಂಬ ಹೆಸರಿಗೂ ಅದೇ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದಾಗ ಜಾವಾ ಹುಟ್ಟಿತು. ಈ ಹೆಸರನ್ನು ಮೈಸೂರಿಗೆ ತಂದವರು ಪಾರಸಿ ಮೂಲದ ಇರಾನಿ ಕುಟುಂಬದವರು. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿತು. ಅಂದಿನ ಮೈಸೂರು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1960-61ರಲ್ಲಿ ಆರಂಭವಾದ ಈ ತಯಾರಿಕೆ 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿಯಿತು. ಇರಾನಿನ ಯಜ್ದ್ ನಗರದ ನೆನಪಿಗೆ ಆ ಹೆಸರೆಂದು ಹೇಳುವುದುಂಟು. ಹೆಸರು ಬದಲಾದರೂ ನಮ್ಮ ಊರುಗಳಲ್ಲಿ ಹಿರಿಯರ ಬಾಯಲ್ಲಿ ಅದು ಕೊನೆಯವರೆಗೂ ಜಾವಾ ಆಗಿಯೇ ಉಳಿಯಿತು.

ಬುಲೆಟ್ ನಮಗೆ ಹತ್ತಿರದ ಮದ್ರಾಸಿನದು. ಜಾವಾ ದೂರದ ಮೈಸೂರಿನದು. ಆದರೂ ಸಾಧಾರಣ ಕೃಷಿಕರ ಮನೆಗೆ ಜಾವಾ ಒಗ್ಗಿದ ಬಗೆಯನ್ನು ಅರಿಯಬೇಕಾದರೆ ಅದರ ಎಂಜಿನ್ನಿನ ರಚನೆಯನ್ನು ತುಸು ನೋಡಬೇಕು. ಅದು ಒಂದೇ ಸಿಲಿಂಡರಿನ, 250 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಸಿಲಿಂಡರು ಒಂದೇ ಆದರೂ ಹೊಗೆ ಹೋಗುವ ದ್ವಾರಗಳು ಎರಡು, ಅದಕ್ಕೆ ತಕ್ಕಂತೆ ಸೈಲೆನ್ಸರುಗಳೂ ಎರಡು. ಬುಲೆಟ್ಟಿನಲ್ಲಿರುವ ವಾಲ್ವು, ಪುಶ್ ರಾಡು, ರಾಕರುಗಳು ಇಲ್ಲಿ ಇಲ್ಲ. ಎಂಜಿನ್ನಿಗೆ ಬೇರೆ ಎಣ್ಣೆಯ ಪಂಪೂ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಭಾಗಗಳನ್ನು ನೆನೆಸಬೇಕು. ಒಂದು ಲೀಟರಿಗೆ ಸುಮಾರು 40ರಿಂದ 50 ಮಿಲಿಲೀಟರು ಎಣ್ಣೆಯನ್ನು ಅಳೆದು ಹಾಕುವ ಕೆಲಸವನ್ನು ಮನೆಯ ಮಕ್ಕಳೂ ಕಲಿತಿದ್ದರು.

ಜಾವಾದ ಇನ್ನೊಂದು ವಿಶೇಷ ಅದರ ಎಡಗಾಲಿನ ಸನ್ನೆ. ಗೇರು ಹಾಕುವ ಸನ್ನೆಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಎಂಜಿನ್ ಹತ್ತಿದ ಮೇಲೆ ಮತ್ತೆ ಮುಂದಕ್ಕೆ ಮಡಿಸಿದರೆ ಗೇರಾಗುತ್ತದೆ. ಗೇರು ಬದಲಿಸಲು ಕಾಲಿನಿಂದ ಒತ್ತಿದಾಗ ಕ್ಲಚ್ ತಾನಾಗಿ ಬಿಡುವ ವ್ಯವಸ್ಥೆಯೂ ಅದರಲ್ಲಿತ್ತು. ಹಿಂದಿನ ಚೈನಿಗೆ ಪೂರ್ಣ ಮುಚ್ಚಳವಿದ್ದುದರಿಂದ ಗದ್ದೆಯ ಕೆಸರಾಗಲಿ ಬೇಸಿಗೆಯ ಧೂಳಾಗಲಿ ಅದನ್ನು ಬೇಗ ತಿನ್ನುತ್ತಿರಲಿಲ್ಲ. ಭಾಗಗಳು ಕಡಿಮೆ, ಬಿಚ್ಚುವುದು ಸುಲಭ, ಜೋಡಿಸುವುದೂ ಸುಲಭ. ಕೆಲವು ಸ್ಪ್ಯಾನರುಗಳು, ಒಂದು ಸ್ಕ್ರೂ ಡ್ರೈವರು, ಒಂದು ತಟ್ಟೆ ಸೀಮೆಎಣ್ಣೆ, ಒಂದಿಷ್ಟು ಬನಿಯನ್ ವೇಸ್ಟ್ ಇದ್ದರೆ ಜಗಲಿಯ ಮೇಲೆಯೇ ಸಿಲಿಂಡರನ್ನು ಕಳಚಿ ಮಸಿ ಕೆರೆದು ಸಂಜೆಯೊಳಗೆ ಮತ್ತೆ ಕೂಡಿಸಬಹುದಿತ್ತು. ಮನೆಯ ದುರಸ್ತಿ ಇಲ್ಲಿ ಹವ್ಯಾಸವಾಗಿ ಹುಟ್ಟಿದ್ದಲ್ಲ. ಯಂತ್ರದ ರಚನೆ ಅದಕ್ಕೆ ಅವಕಾಶ ಕೊಟ್ಟಿತ್ತು. ಪೇಟೆಯ ದೂರ ಅದನ್ನು ಅನಿವಾರ್ಯ ಮಾಡಿತ್ತು.

ಕಣಿವೆಯ ಭೂಗೋಳ ಈ ಯಂತ್ರಕ್ಕೆ ಒಂದು ಪರೀಕ್ಷೆಯನ್ನೂ ಒಡ್ಡಿತ್ತು. ಲೋವರ್ ಕ್ಯಾಂಪಿನಿಂದ ಕುಮಳಿಗೆ ಘಟ್ಟ ಹತ್ತುವಾಗ ಎಂಜಿನ್ ಕಾಯುವುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಜಾವಾಕ್ಕೆ ಹೆಚ್ಚಿನ ಅಪಾಯವಿದ್ದದ್ದು ಇಳಿಯುವಾಗ. ಇಳಿಜಾರಿನಲ್ಲಿ ಸವಾರನು ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಗೇರಿನ ಹಿಡಿತದಲ್ಲಿಯೇ ಗಾಡಿಯನ್ನು ಇಳಿಸಿದರೆ ಚಕ್ರಗಳು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತವೆ. ಪೆಟ್ರೋಲು ಮಾತ್ರ ಒಳಗೆ ಹೋಗುವುದಿಲ್ಲ. ಪೆಟ್ರೋಲು ಹೋಗದಿದ್ದರೆ ಎಣ್ಣೆಯೂ ಹೋಗದು. ಹೀಗೆ ಎಣ್ಣೆಯಿಲ್ಲದೆ ತಿರುಗಿದ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ತಟ್ಟನೆ ನಿಂತುಬಿಡುತ್ತದೆ. ಇದನ್ನು ಬಲ್ಲ ಹಿರಿಯರು ಪ್ರತಿ ತಿರುವಿನಲ್ಲಿಯೂ ಒಮ್ಮೆ ಆಕ್ಸಿಲರೇಟರನ್ನು ತಿರುಗಿಸಿ ಎಂಜಿನ್ನಿಗೆ ‘ಒಂದು ಗುಟುಕು ಕುಡಿಸಿ’ ಇಳಿಯುತ್ತಿದ್ದರು. ಕಾರಣವನ್ನು ಕೇಳಿದರೆ ಅವರು ವಿವರಿಸುತ್ತಿರಲಿಲ್ಲ. ದಣಿದ ಎತ್ತಿಗೆ ನೀರು ಕುಡಿಸಿದಂತೆ ಎಂದಷ್ಟೇ ಹೇಳುತ್ತಿದ್ದರು.

ಆ ಹೋಲಿಕೆ ಆಕಸ್ಮಿಕವಲ್ಲ. ಈ ಕಣಿವೆಯ ಕನ್ನಡಿಗರು ಮೂಲತಃ ದನ ಸಾಕಿದವರು. ಕಂಬದಲ್ಲಿ ಕನ್ನಡ ಮನೆಮಾತಿನ ಕಾಪ್ಪಿಲಿಯರು ಸಾಕಿಕೊಂಡು ಬಂದ, ಕನ್ನಡದಲ್ಲಿ ‘ದೇವರ ಆವು’ ಎಂದೂ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದೂ ಕರೆಯಲ್ಪಟ್ಟ ದೈವದ ದನಗಳ ಮಂದೆಯನ್ನು 1906ರಲ್ಲಿ ಪ್ರಕಟವಾದ ಮಧುರೆಯ ಗ್ಯಾಜೆಟಿಯರ್ ದಾಖಲಿಸಿದೆ. ದನದ ಕಣ್ಣು, ಗೊರಸು, ಮೆಲುಕು, ಉಸಿರುಗಳನ್ನು ನೋಡಿ ರೋಗವನ್ನು ಗುರುತಿಸುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಸದ್ದು ಮತ್ತು ಹೊಗೆಯನ್ನು ನೋಡಿ ಎಂಜಿನ್ನಿನ ರೋಗವನ್ನು ಗುರುತಿಸಲು ಕಲಿತರು. ಹೊಗೆ ಅತಿಯಾಗಿ ದಟ್ಟವಾಗಿ, ಗೇರ್ ಬಾಕ್ಸಿನ ಎಣ್ಣೆಯೂ ಇಳಿಯುತ್ತಿದ್ದರೆ ಕ್ರ್ಯಾಂಕಿನ ಸೀಲು ಹೋಗಿದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಓಟ ಇಳಿಯದಿದ್ದರೆ ಎಲ್ಲಿಂದಲೋ ಗಾಳಿ ನುಸುಳುತ್ತಿದೆ. ಏರಿನಲ್ಲಿ ಶಕ್ತಿ ಉಡುಗಿದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟಿದೆ. ಕಿಡಿಯೇ ಬಾರದಿದ್ದರೆ ಮೊದಲು ಪಾಯಿಂಟನ್ನು ನೋಡಬೇಕು. ಅದರ ತೆರವು ಸುಮಾರು 0.4 ಮಿಲಿಮೀಟರು ಇರಬೇಕು. ಫೀಲರ್ ಗೇಜ್ ಇಲ್ಲದ ನಮ್ಮ ಮನೆಯಲ್ಲಿ ಮಡಿಸಿದ ಅಂಚೆ ಕಾರ್ಡೇ ಅದರ ಅಳತೆ. ಈ ಜ್ಞಾನವನ್ನು ಯಾರೂ ಬರೆದಿಡಲಿಲ್ಲ. ಅದು ಬಾಯಿಂದ ಕಿವಿಗೆ, ಕೈಯಿಂದ ಕೈಗೆ ಬಂತು.

1980ರ ದಶಕದ ನಡುವಿನಲ್ಲಿ ಕಾಲ ಬದಲಾಯಿತು. ಜಪಾನಿನ ಕಂಪನಿಗಳ ಸಹಯೋಗದಲ್ಲಿ 100 ಸಿ.ಸಿ.ಯ ಹಗುರವಾದ ಗಾಡಿಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಮತ್ತು ಯಮಹಾ ಆರ್.ಎಕ್ಸ್. 100 ಎರಡೂ ಮಾರುಕಟ್ಟೆಗೆ ಇಳಿದವು. ಹೋಂಡಾದ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕಿರಲಿಲ್ಲ, ಹೊಗೆಯೂ ಇರಲಿಲ್ಲ. ಪೆಟ್ರೋಲಿನ ಖರ್ಚಿನಲ್ಲಿ ಜಾವಾ ಅದರ ಹತ್ತಿರವೂ ಸುಳಿಯುವಂತಿರಲಿಲ್ಲ. ಯೆಜ್ಡಿ ರೋಡ್‌ಕಿಂಗಿನಂಥ ಮಾದರಿಗಳು ಹುರಿಯಾಳುಗಳ ಮೆಚ್ಚುಗೆಯನ್ನು ಗಳಿಸಿದ್ದರೂ ಲೆಕ್ಕ ನೋಡುವ ಗೃಹಸ್ಥರು ಹೊಸ ಗಾಡಿಗಳತ್ತ ಹೊರಳಿದರು. 1991ರಿಂದ ಹೊಗೆಯ ಮಿತಿಗಳು ಜಾರಿಗೆ ಬಂದು ವರ್ಷದಿಂದ ವರ್ಷಕ್ಕೆ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆಯ ಬಾಗಿಲು ಮುಚ್ಚಿತು. ಅದೇ ವರ್ಷ ಮಧುರೆಯಿಂದ ಬೇರ್ಪಡಿಸಿ ತೇನಿ ಜಿಲ್ಲೆಯನ್ನು ರಚಿಸಲಾಯಿತು. ಆದ್ದರಿಂದ ನಮ್ಮ ಕಣಿವೆಯ ಬಹುಪಾಲು ಜಾವಾಗಳ ದಾಖಲೆಪತ್ರದಲ್ಲಿ ಇಂದಿಗೂ ಹಳೆಯ ಜಿಲ್ಲೆಯ ಹೆಸರೇ ಇದೆ: ಇಲ್ಲದ ಕಾರ್ಖಾನೆಯ ಗಾಡಿಗೆ ಈಗ ನಮ್ಮದಲ್ಲದ ಜಿಲ್ಲೆಯ ನೋಂದಣಿ.

ಕಾರ್ಖಾನೆ ಮುಚ್ಚಿದ ಮೇಲಿನ ವರ್ಷಗಳೇ ಈ ಚರಿತ್ರೆಯ ನಿಜವಾದ ತಿರುವು. ಇಂಗ್ಲೆಂಡಿನಲ್ಲಿ ರಾಯಲ್ ಎನ್‌ಫೀಲ್ಡಿನ ಮೂಲ ಕಂಪನಿ 1970ರ ಹೊತ್ತಿಗೆ ಅಳಿದರೂ ಮದ್ರಾಸಿನ ಕಾರ್ಖಾನೆ ನಿಲ್ಲಲಿಲ್ಲ. ಹೀಗಾಗಿ ಹಳೆಯ ಬುಲೆಟ್ಟಿಗೆ ಬಿಡಿಭಾಗಗಳ ಕೊರತೆ ಅಷ್ಟಾಗಿ ಕಾಡಲಿಲ್ಲ. ಜಾವಾಕ್ಕೆ ಅಂಥ ಆಸರೆ ಇರಲಿಲ್ಲ. ಅಂಗಡಿಗಳಲ್ಲಿ ಉಳಿದಿದ್ದ ಸರಕು ಕೆಲವೇ ವರ್ಷಗಳಲ್ಲಿ ತೀರಿತು. ಗಾಡಿಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು; ಕೆಲವುಗಳ ಎಂಜಿನ್ನನ್ನು ಕಿತ್ತು ಬೇರೆ ಕೆಲಸಕ್ಕೆ ಹಚ್ಚಿದರು. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತವು ಉಳಿದವು. ನಮ್ಮ ಮನೆಯ ಜಾವಾ ಹಾಗೆ ಹನ್ನೊಂದು ವರ್ಷ ನಿಂತಿತ್ತು. ಅದನ್ನು ಮಾರದೆ ಉಳಿಸಿದವರು ಯಂತ್ರಪ್ರೇಮಿಗಳೇನಲ್ಲ, ನಮ್ಮ ಅಜ್ಜಿ. ಅಜ್ಜ ಅದರ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಕಂಬಕ್ಕೆ ಹೋಗುತ್ತಿದ್ದರೆಂಬ ಒಂದೇ ಕಾರಣ ಅವರಿಗೆ ಸಾಕಾಗಿತ್ತು.

ಅದನ್ನು ಮತ್ತೆ ಓಡಿಸಬೇಕೆಂದು ಹೊರಟಾಗ ನಾವು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಹಳೆಯದನ್ನು ಹೊಸದರಂತೆ ಮಾಡುವುದೇ ಪುನರುಜ್ಜೀವನವೆಂದು ನಾವು ತಿಳಿದಿದ್ದೆವು. ಪೆಟ್ರೋಲ್ ಟ್ಯಾಂಕಿನ ಕೆಂಪು ಬಣ್ಣ ಮಾಸಿತ್ತು. ಅದರ ಅಂಚಿನಲ್ಲಿ ಚಿನ್ನದ ಬಣ್ಣದ ತೆಳು ಎಳೆಯೊಂದು ಅಲ್ಲಲ್ಲಿ ಉಳಿದಿತ್ತು. ಮೊದಲ ದಿನವೇ ಅದನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ತಗಡು ಹೊಳೆಯುವವರೆಗೆ ತೆಗೆದೆವು. ಹೊಸ ಬಣ್ಣ ಬಂತು, ಅಂಗಡಿಯಲ್ಲಿ ಕೊಂಡ ಪಟ್ಟಿಯನ್ನೂ ಅಂಟಿಸಿದೆವು. ಬಹಳ ಕಾಲದ ನಂತರ ಮೈಸೂರಿನಲ್ಲಿ, ಬಣ್ಣ ಕೆಡದ ಅಂಥದೇ ಗಾಡಿಯನ್ನು ನೋಡಿದಾಗ ನಮಗೆ ತಿಳಿಯಿತು: ಆ ಎಳೆ ಕುಂಚದಿಂದ ಬರೆದದ್ದು. ಎಳೆ ಆರಂಭವಾದ ಕಡೆ ತುಸು ದಪ್ಪ, ಕೊನೆಯಲ್ಲಿ ಸಪೂರ. ಯಾದವಗಿರಿಯ ಯಾವನೋ ಕೆಲಸಗಾರನ ಕೈಬರಹವನ್ನು ನಾವೇ ನಮ್ಮ ಕೈಯಾರೆ ಅಳಿಸಿಹಾಕಿದ್ದೆವು.

ಗುಡಿಗಳ ಜೀರ್ಣೋದ್ಧಾರದಲ್ಲಿ ಇಂಥ ತಪ್ಪು ನಡೆಯುವುದನ್ನು ನಾವು ಕಂಡಿದ್ದೇವೆ. ಕಲ್ಲು ಬೆಳ್ಳಗಾಗಲಿ ಎಂದು ಮರಳು ಚಿಮ್ಮಿಸಿ ತೊಳೆದಾಗ ಶಾಸನದ ಅಕ್ಷರಗಳೂ ಸವೆದುಹೋದ ಉದಾಹರಣೆಗಳು ತಮಿಳುನಾಡಿನಲ್ಲಿ ಇವೆ. ಯಂತ್ರಕ್ಕೂ ಶಾಸನವಿರುತ್ತದೆ. ಚೌಕಟ್ಟಿನ ಮೇಲೂ ಎಂಜಿನ್ನಿನ ಮೇಲೂ ಕೊರೆದ ಸಂಖ್ಯೆಗಳು, ಲಾಂಛನ, ತಯಾರಕರ ಹೆಸರಿನ ಫಲಕ, ಮೂಲ ಬಣ್ಣದ ಒಂದು ಚೂರು, ಇವೆಲ್ಲ ಅದರ ಹುಟ್ಟನ್ನು ಹೇಳುವ ದಾಖಲೆಗಳು. ಆದ್ದರಿಂದ ಇಂದು ಹಳೆಯ ಗಾಡಿಯನ್ನು ಬಿಚ್ಚುವವರಿಗೆ ನಾವು ಹೇಳುವ ಮೊದಲ ಮಾತು, ಸ್ಪ್ಯಾನರ್ ಹಿಡಿಯುವ ಮುನ್ನ ಕ್ಯಾಮೆರಾ ಹಿಡಿಯಿರಿ ಎಂಬುದು. ಎಲ್ಲ ಕೋನಗಳಿಂದ ಚಿತ್ರ ತೆಗೆದು, ಸಂಖ್ಯೆಗಳನ್ನು ದಾಖಲೆಪತ್ರದೊಡನೆ ಹೋಲಿಸಿ ನೋಡಬೇಕು. ಬಿಚ್ಚಿದ ಪ್ರತಿ ಭಾಗವನ್ನೂ ಹೆಸರು ಬರೆದ ಡಬ್ಬಿಯಲ್ಲಿ ಇಡಬೇಕು. ಓಡಲು ಅಡ್ಡಿಯಾಗದ ಹಳಮೆಯನ್ನು ಹಾಗೆಯೇ ಬಿಡಬೇಕು. ಬ್ರೇಕು, ಟಯರು, ವೈರುಗಳಂಥ ಪ್ರಾಣಕ್ಕೆ ಸಂಬಂಧಿಸಿದ ಭಾಗಗಳಲ್ಲಿ ಹಳಮೆಯ ಮೋಹ ಸಲ್ಲದು.

ಮನೆಯಲ್ಲಿ ಆಗುವ ಕೆಲಸ, ಆಗದ ಕೆಲಸಗಳ ನಡುವಿನ ಗೆರೆಯನ್ನೂ ಅರಿತಿರಬೇಕು. ಕಾರ್ಬುರೇಟರನ್ನು ತೊಳೆಯುವುದು, ಪಾಯಿಂಟ್ ಹೊಂದಿಸುವುದು, ಕ್ಲಚ್ ಪ್ಲೇಟುಗಳನ್ನು ಬದಲಿಸುವುದು, ಸೈಲೆನ್ಸರಿನ ಒಳಕೊಳವೆಯನ್ನು ಎಳೆದು ಮಸಿ ತೆಗೆಯುವುದು, ಟ್ಯಾಂಕಿನೊಳಗೆ ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿ ತುಕ್ಕು ಬಿಡಿಸುವುದು, ಇವು ಜಗಲಿಯ ಕೆಲಸಗಳು. ಆದರೆ ಕನೆಕ್ಟಿಂಗ್ ರಾಡು ಸವೆದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಿ, ಮತ್ತೆ ಕೂಡಿಸಿ, ಓರೆಯಿಲ್ಲದಂತೆ ಡಯಲ್ ಗೇಜಿನಿಂದ ನೋಡಬೇಕು. ಸಿಲಿಂಡರು ಸವೆದರೆ ಬೋರ್ ಮಾಡಿಸಿ ಒಂದಳತೆ ದೊಡ್ಡದಾದ ಪಿಸ್ಟನ್ ಹಾಕಬೇಕು. ಇದಕ್ಕೆ ಅನುಭವಿಯಾದ ಲೇತಿನವರೇ ಬೇಕು. ಹಳೆಯ ಯಂತ್ರಗಳ ಅಳಿವು ಉಳಿವು ಇಂದು ನಿಂತಿರುವುದು ಅಂಥ ಕೆಲವು ವೃದ್ಧರ ಕೈಗಳಲ್ಲಿ. ಅವರ ಮಕ್ಕಳು ಬೇರೆ ಉದ್ಯೋಗಗಳಲ್ಲಿದ್ದಾರೆ. ಬಿಡಿಭಾಗ ಇಲ್ಲದಿದ್ದರೆ ಹೊಸದಾಗಿ ಮಾಡಿಸಬಹುದು; ಕೈಯ ಅಂದಾಜು ಅಂಗಡಿಯಲ್ಲಿ ಸಿಗುವುದಿಲ್ಲ.

ಹಳೆಯ ಮೋಟಾರ್ ಸೈಕಲ್‌ಗಳನ್ನು ಉಳಿಸುವ ಕಾಳಜಿ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ 1946ರಲ್ಲಿಯೇ ‘ಟಿಚ್’ ಅಲೆನ್ ಎಂಬವರ ಮುಂದಾಳುತನದಲ್ಲಿ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಸ್ಥಾಪನೆಯಾಯಿತು. ಯುದ್ಧ ಮುಗಿದ ಮರುವರ್ಷವೇ, ಗುಜರಿಗೆ ಹೋಗಲಿದ್ದ 1930ರವರೆಗಿನ ಗಾಡಿಗಳನ್ನು ರಕ್ಷಿಸಲು ಅವರು ಸೇರಿದ್ದರು. ಜಾವಾದ ಅಭಿಮಾನಿಗಳು ಇಂದು ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅಂತರರಾಷ್ಟ್ರೀಯ ಜಾವಾ ದಿನವೆಂದು ಆಚರಿಸುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಅಂದು ನೂರಾರು ಹಳೆಯ ಗಾಡಿಗಳು ಒಟ್ಟಾಗಿ ಹೊರಡುತ್ತವೆ. 2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾದ ಹೆಸರನ್ನೂ 2022ರಲ್ಲಿ ಯೆಜ್ಡಿಯ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಅವುಗಳ ಎಂಜಿನ್ ನಾಲ್ಕು ಸ್ಟ್ರೋಕಿನದು, ದ್ರವದಿಂದ ತಣಿಯುವಂಥದು. ಹೆಸರು ಮರಳಿತು, ಆದರೆ ಹೊಸ ಎಂಜಿನ್ನಿನ ಪಿಸ್ಟನ್ ಹಳೆಯ ಸಿಲಿಂಡರಿಗೆ ಹೊಂದದು.

ಕಾನೂನು ಕೂಡ ಈಗ ಹಳೆಯ ವಾಹನಗಳನ್ನು ಗುರುತಿಸಿದೆ. 2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡ ಖಾಸಗಿ ವಾಹನಕ್ಕೆ ವಿಂಟೇಜ್ ನೋಂದಣಿ ಪಡೆಯಬಹುದು. ಅದರ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದ ಸಂದರ್ಭಗಳಲ್ಲಿ ಮಾತ್ರ ರಸ್ತೆಗೆ ಇಳಿಸಬೇಕು. ದಿನಬಳಕೆಗೆ ಅನುಮತಿ ಇಲ್ಲ. ಸಂಗ್ರಾಹಕರಿಗೆ ಇದು ಅನುಕೂಲವೇ ಸರಿ. ತೋಟಕ್ಕೆ ಹೋಗಿಬರಲು ಇಂದಿಗೂ ಜಾವಾವನ್ನೇ ಬಳಸುವ ರೈತನಿಗೆ ಅದು ಒದಗುವುದಿಲ್ಲ. ಅವನು 15 ವರ್ಷ ದಾಟಿದ ಸಾಮಾನ್ಯ ವಾಹನದಂತೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಂಡೇ ಸಾಗಬೇಕು. ಇದರ ಮೇಲೆ ಇಂಧನದ ತೊಂದರೆ ಸೇರಿದೆ. ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರಿನ ವಾಷರುಗಳನ್ನು ಮೆದುಗೊಳಿಸುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದುಮಾಡಿ ಇಡುವುದು ಲೇಸು. ಅದಕ್ಕಿಂತ ಲೇಸಾದದ್ದು ವಾರಕ್ಕೊಮ್ಮೆ ಓಡಿಸುವುದು. ಓಡದ ಗಾಡಿಯ ಬೇರಿಂಗಿಗೂ ಸೀಲಿಗೂ ನಿಂತ ಜಾಗವೇ ರೋಗ.

ಹೊಗೆಯ ವಿಷಯದಲ್ಲಿ ನಮಗೆ ಭ್ರಮೆಯಿಲ್ಲ. ಟೂ ಸ್ಟ್ರೋಕ್ ಎಂಜಿನ್ ಗಾಳಿಯನ್ನು ಕೆಡಿಸುವುದು ನಿಜ. ಎಲ್ಲರೂ ಅದಕ್ಕೆ ಮರಳಬೇಕೆಂದು ಯಾರೂ ಹೇಳಲಾರರು. ಉಳಿದಿರುವ ಕೆಲವನ್ನು ಚೆನ್ನಾಗಿ ಹೊಂದಿಸಿ, ಅಳತೆಯ ಎಣ್ಣೆ ಹಾಕಿ, ಮಿತವಾಗಿ ಓಡಿಸಿ ಮುಂದಿನವರಿಗೆ ದಾಟಿಸುವುದಷ್ಟೇ ನಮ್ಮ ಹೊಣೆ. ಯಂತ್ರದೊಡನೆ ಅದರ ತಿಳಿವೂ ದಾಟಬೇಕು. ಈ ಸಂಚಿಕೆಯನ್ನು ಓದುವ ಕಣಿವೆಯ ಕನ್ನಡಿಗರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಊರಿನ ಹಳೆಯ ಮೆಕ್ಯಾನಿಕ್ಕರ ಬಳಿ ಒಂದು ಸಂಜೆ ಕುಳಿತು ಅವರು ಹೇಳುವುದನ್ನು ಬರೆದುಕೊಳ್ಳಿ. ಯಾವ ಸದ್ದಿಗೆ ಯಾವ ರೋಗ, ಯಾವ ಭಾಗಕ್ಕೆ ಬದಲಾಗಿ ಯಾವುದನ್ನು ಹೊಂದಿಸಿದರು, ಘಟ್ಟ ಇಳಿಯುವಾಗ ಏನು ಮಾಡುತ್ತಿದ್ದರು ಎಂಬುದೆಲ್ಲ ಕಾಗದಕ್ಕೆ ಇಳಿಯಲಿ. ಮನೆಮಾತಿನಲ್ಲಿಯೇ ಬರೆಯಿರಿ, ಲಿಪಿ ಬಾರದವರು ಹೇಳಲಿ, ಬಂದವರು ಬರೆಯಲಿ.

ನಮ್ಮ ಮನೆಯಲ್ಲಿ ಅಂಥ ಒಂದು ನೋಟ್ ಪುಸ್ತಕ ಈಗ ಇದೆ. ಅದರ ಮೊದಲ ಪುಟದಲ್ಲಿ ಎಂಜಿನ್ ಸಂಖ್ಯೆ, ಚೌಕಟ್ಟಿನ ಸಂಖ್ಯೆ. ಎರಡನೆಯ ಪುಟದಲ್ಲಿ ನಾವು ಅಳಿಸಿಹಾಕಿದ ಚಿನ್ನದ ಎಳೆ ಟ್ಯಾಂಕಿನ ಮೇಲೆ ಎಲ್ಲಿಂದ ಎಲ್ಲಿಗೆ ಹರಿದಿತ್ತೆಂಬ, ನೆನಪಿನಿಂದ ಬರೆದ ಒಂದು ಚಿತ್ರ. ಪುಟದ ನಡುವೆ ಗುರುತಿಗೆ ಇಟ್ಟಿರುವುದು ಪಾಯಿಂಟ್ ಅಳೆಯುತ್ತಿದ್ದ, ಎಣ್ಣೆಯ ಕಲೆ ಹತ್ತಿದ ಆ ಅಂಚೆ ಕಾರ್ಡು.